ಮೂಗಿನ ಮೇಲಿನ ಕೆಂಪು ಗುರುತು

ನನ್ನ ಹೆಂಡತಿ ವೇಣೂರಿನ ಹತ್ತಿರದ ಶಾಲೆಯೊಂದರಲ್ಲಿ ಟೀಚರ್ ಆಗಿದ್ದಳು. ನಾನು ಮೂಡುಬಿದಿರೆಯ ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕಿದ್ದೆ. ಎರಡು ಸಾವಿರದ ಇಸವಿ ಕಳೆದು ಕೆಲವು ವರ್ಷಗಳಾಗಿದ್ದ ಕಾಲ. ಎಷ್ಟು ಮಲಗಿದರೂ ಅವಳ ನಿದ್ದೆ ತೀರುತ್ತಿರಲಿಲ್ಲ. ಒಂದು ಬೆಳಿಗ್ಗೆ ಬಸ್ಸಿನಲ್ಲಿ ಕೂತಲ್ಲೇ ನಿದ್ದೆಹೋಗಿ, ವೇಣೂರಿನಲ್ಲಿ ಇಳಿಯಬೇಕಾದವಳು ನಾರಾವಿಗೆ ಹೋಗಿ ಮುಟ್ಟಿದಳು. ಅವಳ ಗೊರಕೆ ಏರುತ್ತಾ ಹೋಗಿ ತಟ್ಟನೆ ನಿಲ್ಲುವುದನ್ನೂ, ಆಮೇಲೆ ಉಸಿರಿಗಾಗಿ ಒದ್ದಾಡುವುದನ್ನೂ ಕೇಳಿ ಕೇಳಿ ನನಗೆ ಹೆದರಿಕೆ ಹುಟ್ಟಿತ್ತು. ಮಂಗಳೂರಿಗೆ ಕರೆದುಕೊಂಡು ಹೋದೆ. ನಿದ್ದೆಯಲ್ಲಿ ಉಸಿರು ಕಟ್ಟುತ್ತದೆ, ಇನ್ನು ಮಲಗುವಾಗೆಲ್ಲ ಈ ಯಂತ್ರ ಬೇಕು ಎಂದರು ಡಾಕ್ಟರು.

ಮಂಚದ ಪಕ್ಕ ಸಣ್ಣ ಪೆಟ್ಟಿಗೆ, ಅದರಿಂದ ಬರುವ ಗಾಳಿಯ ಪೈಪು, ಪೈಪಿನ ತುದಿಯಲ್ಲಿ ಮೂಗಿಗೆ ಹಾಕುವ ಮಾಸ್ಕ್. ತಲೆಯ ಹಿಂದಿನಿಂದ ಪಟ್ಟಿ ಎಳೆದು ಬಿಗಿಯಬೇಕು. ಅವಳ ತೂಕಡಿಕೆ ನಿಂತಿತು. ಮೊದಲಿನ ಹಾಗೆ ಹಾಡುತ್ತಾ ಅಡಿಗೆ ಮಾಡತೊಡಗಿದಳು. ಆದರೆ ಮೂಗಿನ ಎಲುಬಿನ ಮೇಲೆ ಕೆಂಪು ಗುರುತೊಂದು ಎದ್ದಿತು. ಆಮೇಲೆ ಎರಡೂ ಕೆನ್ನೆಗಳಲ್ಲಿ ಗೀರುಗಳು. ಅವಳು ಶಾಲೆಗೆ ಹೊರಡುವ ಹೊತ್ತಿಗೂ ಅವು ಮಾಯವಾಗುತ್ತಿರಲಿಲ್ಲ.

"ಯಾರಾದರೂ ಕೇಳಿದರೆ ಮಾಸ್ಕಿನದ್ದು ಅಂತ ಹೇಳು" ಎಂದೆ.

"ಅಷ್ಟು ಹೇಳಿದರೆ ಗೊರಕೆಯ ವಿಷಯವೂ ಹೇಳಬೇಕಾಗ್ತದೆ. ಹೆಂಗಸು ಗೊರಕೆ ಹೊಡೀತಾಳೆ ಅಂದರೆ ಸ್ಟಾಫ್ ರೂಮಿನಲ್ಲಿ ವರ್ಷಪೂರ್ತಿ ನಗಾಡ್ತಾರೆ. ನೀವು ಸುಮ್ಮನಿರಿ."

ಕೇಳಿದವರಿಗೆ ಅವಳು ಬಾಗಿಲು ತಾಗಿತು ಎಂದಳು. ಮತ್ತೊಂದು ವಾರ ಕಪಾಟು ತಾಗಿತು ಎಂದಳು. ಮುಖದಲ್ಲಿ ಗಾಯ ಇಟ್ಟುಕೊಂಡು ಹೆಂಗಸೊಬ್ಬಳು ಬಾಗಿಲು ತಾಗಿತು ಎಂದರೆ ಜನ ಏನು ತಿಳಿಯುತ್ತಾರೆ ಎಂಬುದು ನಮ್ಮಿಬ್ಬರಿಗೂ ಹೊಳೆಯಲಿಲ್ಲ. ಒಂದು ಸಂಜೆ ಅವಳು ಬಂದು ಚಪ್ಪಲಿ ಕಳಚದೆ ಜಗಲಿಯಲ್ಲೇ ಕೂತಳು. ಅವಳಿಗಿಂತ ಹಿರಿಯ ಟೀಚರ್ ಒಬ್ಬರು ಪಕ್ಕಕ್ಕೆ ಕರೆದು, ಮನೆಯಲ್ಲಿ ಎಂತಾದರೂ ಕಷ್ಟ ಉಂಟಾ, ಇದ್ದರೆ ಹೇಳಿ ಎಂದು ಕೈ ಹಿಡಿದುಕೊಂಡಿದ್ದರಂತೆ.

"ನೀನು ಎಂತ ಹೇಳಿದ್ದು?"

"ಇಲ್ಲ ಅಂದೆ. ಅವರು ನಂಬಲಿಲ್ಲ. ಅವರ ಕಣ್ಣಲ್ಲಿ ನೀರು ಬಂತು."

ನಾನೇ ಶಾಲೆಗೆ ಹೋಗಿ ಹೇಳೋಣವೆಂದರೆ, ಹೊಡೆಯುವ ಗಂಡನೂ ಬಂದು ಅದೇ ಮಾತನ್ನು ಹೇಳುತ್ತಾನಲ್ಲ. ಯಂತ್ರ ಬಿಟ್ಟು ಮಲಗು ಎನ್ನುವ ಧೈರ್ಯವೂ ನನಗಿರಲಿಲ್ಲ. ಮಲಗುವ ಮೊದಲು ಗುರುತಿಗೆ ತೆಂಗಿನೆಣ್ಣೆ ಹಚ್ಚಿಕೋ ಎಂದೆ, ಅವಳು ಹಚ್ಚಿಕೊಂಡಳು. ಮಾಸ್ಕ್ ಜಾರಿ ಗಾಳಿ ಸೋರತೊಡಗಿತು. ಪಟ್ಟಿಯನ್ನು ಇನ್ನಷ್ಟು ಬಿಗಿದೆವು. ಮೂಗಿನ ಮೇಲಿನ ಚರ್ಮ ಒಡೆಯಿತು.

ಸುದ್ದಿ ಬಂಟ್ವಾಳದ ಅವಳ ತವರಿಗೂ ಮುಟ್ಟಿತು. ಒಂದು ಭಾನುವಾರ ಮಧ್ಯಾಹ್ನ ಅವಳ ಅಣ್ಣ ಅಲ್ಲಿಯ ಬಿ.ಸಿ.ರೋಡಿನಿಂದ ಬಸ್ಸು ಹಿಡಿದು ಬಂದರು. ಕೊಟ್ಟ ನೀರನ್ನು ಕುಡಿಯಲಿಲ್ಲ.

"ಭಾವ, ನಿಮ್ಮ ಹತ್ತಿರ ಜಗಳಕ್ಕೆ ಬಂದದ್ದಲ್ಲ" ಎಂದರು. "ಅವಳನ್ನು ಸ್ವಲ್ಪ ದಿವಸ ಊರಿಗೆ ಕರ್ಕೊಂಡು ಹೋಗ್ತೇನೆ."

ಅವರು ನನ್ನನ್ನು ಬೈದಿದ್ದರೆ ತಿರುಗಿ ಏನಾದರೂ ಹೇಳಬಹುದಿತ್ತು. ಹೆಂಡತಿ ಅಡಿಗೆಮನೆಯ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು. ಒಳಗೆ ಹೋಗಿ ಮಾಸ್ಕ್ ತಂದು, ಹಗಲು ಹೊತ್ತಿನಲ್ಲೇ ಅಣ್ಣನೆದುರು ಮುಖಕ್ಕೆ ಹಾಕಿ ಪಟ್ಟಿ ಬಿಗಿದುಕೊಂಡಳು. ಕೆಂಪು ಗುರುತಿನ ಮೇಲೆ ಮಾಸ್ಕಿನ ಅಂಚು ಸರಿಯಾಗಿ ಕೂತಿತು.

"ನಾನು ಗೊರಕೆ ಹೊಡೆಯುವುದಣ್ಣ. ನಿದ್ದೆಯಲ್ಲಿ ಉಸಿರು ನಿಲ್ತದೆ. ಅದಕ್ಕೆ ಇದು. ಇವರು ನನ್ನ ಮೇಲೆ ಕೈ ಮಾಡಿದವರಲ್ಲ."

ಮೂಗು ಮುಚ್ಚಿದ್ದರಿಂದ ಅವಳ ದನಿ ಬೇರೆ ಯಾರದೋ ಎಂಬಂತೆ ಕೇಳುತ್ತಿತ್ತು. ಅವಳ ಅಣ್ಣ ಮಾಸ್ಕಿನ ಅಂಚನ್ನೂ ಗುರುತನ್ನೂ ನೋಡಿದರು. ಎದ್ದು ಅವಳ ತಲೆಯ ಹಿಂದೆ ಕೈ ಹಾಕಿ ಪಟ್ಟಿ ಸಡಿಲಿಸಿದರು.

"ಇಷ್ಟು ಬಿಗಿ ಎಂತಕ್ಕೆ ಮಾರಾಯ್ತಿ" ಎಂದರು. ನನ್ನ ಕಡೆ ತಿರುಗಲು ಅವರಿಗಾಗಲಿಲ್ಲ.

ಮರುದಿನ ಮೂವರೂ ಮಂಗಳೂರಿಗೆ ಹೋದೆವು. ಯಂತ್ರ ಕೊಟ್ಟವರು ಅವಳ ಮೂಗು ನೋಡಿ, ಈ ಮಾಸ್ಕ್ ನಿಮ್ಮ ಮುಖಕ್ಕೆ ದೊಡ್ಡದಾಯಿತು, ಅದಕ್ಕೇ ಬಿಗಿಯಬೇಕಾಗುತ್ತದೆ ಎಂದರು. ಎಣ್ಣೆ, ಕ್ರೀಮು ಹಚ್ಚಿ ಹಾಕಲೇಬಾರದಂತೆ. ಮುಖ ತೊಳೆದು ಚೆನ್ನಾಗಿ ಒರೆಸಿಕೊಳ್ಳಬೇಕು, ಮಾಸ್ಕನ್ನು ದಿನಾ ಸೌಮ್ಯವಾದ ಸೋಪಿನಲ್ಲಿ ತೊಳೆದು ಒಣಗಿಸಬೇಕು, ಪಟ್ಟಿಯ ಅಡಿಯಲ್ಲಿ ಬೆರಳು ಸಲೀಸಾಗಿ ಹೋಗಬೇಕು. ಸಣ್ಣ ಅಳತೆಯ ಬೇರೆ ಮಾಸ್ಕ್ ಕೊಟ್ಟರು. ಗಾಯ ಒಣಗುವವರೆಗೆ ಅದರ ಮೇಲೆ ಅಂಟಿಸಲು ಮೆತ್ತಗಿನ ಪಟ್ಟಿಯನ್ನೂ ಕೊಟ್ಟರು.

ಗಾಯ ಮಾಯಿತು. ಸೆಖೆಗಾಲದಲ್ಲಿ ಮಾತ್ರ ಬೆವರಿಗೆ ಮಾಸ್ಕಿನ ಅಂಚಿನುದ್ದಕ್ಕೂ ಸಣ್ಣ ಗುಳ್ಳೆಗಳು ಏಳುತ್ತವೆ. ಅದಕ್ಕೆ ಏನು ಮಾಡಬೇಕೆಂದು ಇಂದಿಗೂ ನಮಗೆ ಪೂರ್ತಿ ಗೊತ್ತಾಗಿಲ್ಲ.

ಶಾಲೆಯಲ್ಲಿ ಮಾತ್ರ ಅವಳು ಹೇಳಲಿಲ್ಲ. ಅಣ್ಣನಿಗೆ ಹೇಳಿದ್ದೇ ಸಾಕಾಗಿತ್ತು ಅವಳಿಗೆ. ಗುರುತು ಮಾಯವಾದುದನ್ನು ಕಂಡು ಶಾಲೆಯವರೆಲ್ಲ ನಾನು ತಿದ್ದಿಕೊಂಡೆ ಎಂದು ತಿಳಿದರು. ಆ ವರ್ಷದ ಶಾಲಾ ವಾರ್ಷಿಕೋತ್ಸವಕ್ಕೆ ಹೋದಾಗ ಆ ಹಿರಿಯ ಟೀಚರ್ ನನಗೆ ಕುರ್ಚಿ ಹಾಕಿಸಿ, "ಈಗ ಒಳ್ಳೇದುಂಟಲ್ಲ, ಹೀಗೇ ಇರಿ" ಎಂದರು. ಪ್ರೀತಿಯಿಂದಲೇ ಹೇಳಿದರು. ನಾನು ಆಯಿತು ಎಂದು ತಲೆಯಾಡಿಸಿದೆ.