ದಾಟುವವರ ಪಟ್ಟಿ

ಬೆಳಗಿನ ಐದೂಕಾಲು. ಹ್ಯಾಲ್ಕಮ್ ಹಿಲ್ಸ್‌ನ ಹಳೆಯ ವೀವರ್ ಶಾಲೆಯ ಹಿಂದಿನ ಬಯಲಲ್ಲಿ ಇಪ್ಪತ್ತಾರು ಹಳದಿ ಬಸ್ಸುಗಳು ಸಾಲಾಗಿ ನಿಂತಿವೆ. ಹದಿನಾಲ್ಕನೇ ನಂಬರಿನ ಬಸ್ಸನ್ನು ಟಾರ್ಚಿನ ಬೆಳಕೊಂದು ನಿಧಾನವಾಗಿ ಸುತ್ತುತ್ತಿದೆ. ಟಾರ್ಚು ಹಿಡಿದವರು ಬರ್ನಡೀನ್ ಹ್ರುಸ್ಕಾ, ವಯಸ್ಸು ಅರವತ್ನಾಲ್ಕು, ಊರಿಗೆಲ್ಲ ಬರ್ನಿ. ಚಕ್ರಕ್ಕೆ ಬೂಟಿನಿಂದ ಒದ್ದು ನೋಡುತ್ತಾರೆ, ದೀಪ ಒರೆಸುತ್ತಾರೆ, ಮಂಡಿಯೂರಿ ಬಸ್ಸಿನಡಿ ಇಣುಕುತ್ತಾರೆ, ಒಳಗೆ ಹತ್ತಿ ಹಿಂದಿನ ತುರ್ತು ಬಾಗಿಲನ್ನು ತೆರೆದು ಮುಚ್ಚುತ್ತಾರೆ. ಕೊನೆಗೆ ತಮ್ಮ ಸೀಟಿನ ಪಕ್ಕದ ಗುಂಡಿ ಒತ್ತಿದರೆ ‘ನಿಲ್ಲಿ’ ಎಂದು ಬರೆದ ಕೆಂಪು ಫಲಕ ಬಸ್ಸಿನ ಪಕ್ಕೆಯಿಂದ ಕೈಯಂತೆ ಹೊರಗೆ ಚಾಚಿಕೊಳ್ಳುತ್ತದೆ.

“ಇಂಜಿನ್ ಕೆಟ್ರೆ ಮಕ್ಕಳು ಶಾಲೆಗೆ ತಡವಾಗಿ ಹೋಗ್ತಾರೆ, ಅಷ್ಟೇ. ಈ ಕೈ ಕೆಟ್ರೆ ಹೋಗೋದೇ ಇಲ್ಲ,” ಎನ್ನುತ್ತಾರೆ ಬರ್ನಿ.

ನಾಲ್ಕೂಕಾಲಿಗೆ ಏಳುವುದು ಇಪ್ಪತ್ತೊಂಬತ್ತು ವರ್ಷದ ರೂಢಿ. ಬೆಳಿಗ್ಗೆ ಎರಡು ಸುತ್ತು, ಮಧ್ಯಾಹ್ನ ಎರಡು ಸುತ್ತು. ಮೊದಲು ಗುಡ್ಡದ ಮೇಲಿನ ಹೈಸ್ಕೂಲಿನ ದೊಡ್ಡ ಮಕ್ಕಳು, ಅರೆನಿದ್ದೆಯಲ್ಲಿ ಬಂದು ಕಿಟಕಿಗೆ ತಲೆ ಆನಿಸುವವರು. ಆಮೇಲೆ ಚೆಸ್ಟ್‌ನಟ್ ಬೀದಿ ಶಾಲೆಯ ನಲವತ್ತೇಳು ಚಿಕ್ಕವರು, ಹತ್ತಿದ ಕ್ಷಣದಿಂದ ಇಳಿಯುವ ತನಕ ಬಾಯಿ ಮುಚ್ಚದವರು. ಮೂವತ್ತೊಂದು ನಿಲ್ದಾಣ, ದಿನಕ್ಕೆ ಐವತ್ತೆಂಟು ಮೈಲಿ. ಪ್ರತಿ ಸುತ್ತು ಮುಗಿದ ಮೇಲೆ ಬಸ್ಸಿನ ಹಿಂಬದಿಯವರೆಗೂ ನಡೆದು ಪ್ರತಿ ಸೀಟನ್ನೂ ನೋಡುತ್ತಾರೆ, ಯಾವ ಮಗುವಾದರೂ ಮಲಗಿಬಿಟ್ಟಿದೆಯೇ ಎಂದು. ಈ ವರ್ಷ ಇಬ್ಬರು ಸಿಕ್ಕಿದ್ದಾರೆ, ಒಂದು ಆಮೆಯೂ ಸಿಕ್ಕಿದೆ.

ಬಸ್ಸುಗಳ ಉಸ್ತುವಾರಿ ಲಾನಿ ಕ್ರೆಬ್ಸ್ ಅವರದು. ಅವರ ಕಚೇರಿ ವೀವರ್ ಶಾಲೆಯ ಒಂದನೇ ತರಗತಿಯ ಕೋಣೆ. ಗೋಡೆಯ ಕೋಟುಗೂಟಗಳು ಈಗಲೂ ಸೊಂಟದ ಎತ್ತರದಲ್ಲೇ ಇವೆ. ಚಾಲಕರೆಲ್ಲ ಬಗ್ಗಿ ತಮ್ಮ ಜಾಕೆಟ್ ತಗುಲಿಹಾಕುತ್ತಾರೆ. ಬರ್ನಿ ಒಳಗೆ ಬರುತ್ತಲೇ ಲಾನಿ ಒಂದು ಹಾಳೆಯನ್ನು ಗಾಳಿಯಲ್ಲಿ ಆಡಿಸುತ್ತಾರೆ.

“ಏನಮ್ಮಾ ಬರ್ನಿ, ನಿನ್ನ ದಾರೀಲಿ ರಸ್ತೆಯ ಈ ಕಡೆ ಯಾರೂ ಹುಟ್ಟೇ ಇಲ್ವಾ? ನಲವತ್ತೇಳಕ್ಕೆ ನಲವತ್ತೇಳೂ ದಾಟೋರೇನಾ?”

“ಎಲ್ಲರೂ ದಾಟೋರೇ, ಲಾನಿ.”

“ಪ್ರತಿ ವರ್ಷ ಇದೇ ಹಾಡು. ಪ್ರತಿ ದಿನ ನಾಲ್ಕು ನಿಮಿಷ ತಡ.”

“ನಾಲ್ಕು ನಿಮಿಷ ಬೇಗ ಹೊರಡ್ತೀನಿ, ನಿನಗೇನು ಕಷ್ಟ?”

ಲಾನಿ ಹಾಳೆಯನ್ನು ಫೈಲಿಗೆ ಸೇರಿಸುತ್ತಾರೆ. ಅದು ದಾಟುವವರ ಪಟ್ಟಿ. ಪ್ರತಿ ಅಕ್ಟೋಬರಿನಲ್ಲಿ ಪ್ರತಿ ಚಾಲಕರೂ ಅದನ್ನು ತುಂಬಿಸಿ ಕೊಡಬೇಕು. ಮಗುವಿನ ಹೆಸರು, ನಿಲ್ದಾಣ, ಪಕ್ಕದಲ್ಲಿ ಒಂದು ಪುಟ್ಟ ಚೌಕ: ರಸ್ತೆ ದಾಟಿ ಬಸ್ಸಿಗೆ ಬರುತ್ತದೆಯೇ? ಬರುವುದಾದರೆ ಚೌಕದಲ್ಲಿ ಗುರುತು. ಚಾಲಕರು ರಜೆ ಹಾಕಿದ ದಿನ ಬದಲಿಗೆ ಬಂದವರಿಗೆ ಯಾವ ಮಗುವಿಗೆ ಕೆಂಪು ಕೈ ಚಾಚಿ ಕಾಯಬೇಕೆಂದು ಗೊತ್ತಾಗಲಿ ಎಂದು ಮಾಡಿದ ಏರ್ಪಾಡು. ಮಕ್ಕಳ ಜೀವ ಕಾಯುವ ಹಾಳೆ. ಅದೇ ಹಾಳೆಯ ಒಂದು ಗುರುತಿಗಾಗಿ ಬರ್ನಿ ಇಪ್ಪತ್ತೆರಡು ವರ್ಷದಿಂದ ಒಳಗೊಳಗೇ ಬೇಯುತ್ತಿದ್ದಾರೆ.

ನಮ್ಮ ಶಾಲಾ ಜಿಲ್ಲೆಗೆ ಈ ವರ್ಷ ನೂರು ತುಂಬಿತು. ಹೊಲಗಳ ನಡುವೆ ಒಂದೊಂದೇ ಕೋಣೆಯಿದ್ದ ನಾಲ್ಕು ಶಾಲೆಗಳನ್ನು ಒಟ್ಟುಗೂಡಿಸಿ ಶುರುವಾದದ್ದು. ಎರಡು ವರ್ಷಕ್ಕೆ ಇಟ್ಟಿಗೆಯ ವೀವರ್ ಶಾಲೆ ಎದ್ದಿತು. ಯುದ್ಧ ಮುಗಿದ ಮೇಲೆ ಕಾರ್ಖಾನೆಯವರು ನಗರ ಬಿಟ್ಟು ಇತ್ತ ಮನೆ ಕಟ್ಟಿಕೊಂಡಾಗ ಹತ್ತು ವರ್ಷದಲ್ಲಿ ಮೂರು ಶಾಲೆ ಬಂದವು. ಗುಡ್ಡದ ಮೇಲೆ ಈಜುಕೊಳವಿರುವ ಹೈಸ್ಕೂಲು ಬಂದಿತು. ಮಕ್ಕಳು ಕಡಿಮೆಯಾದಾಗ ವೀವರ್ ಮುಚ್ಚಿ ಬಸ್ಸುಗಳಿಗೆ ಜಾಗವಾಯಿತು. ಶತಮಾನೋತ್ಸವದ ಪುಸ್ತಕದಲ್ಲಿ ಇದೆಲ್ಲ ಬಣ್ಣದ ಚಿತ್ರಗಳ ಸಮೇತ ಇದೆ. ಲಿಂಡೆಲ್ ರಸ್ತೆಯ ವಿಷಯ ಮಾತ್ರ ಇಲ್ಲ.

ಲಿಂಡೆಲ್ ರಸ್ತೆಯ ನಟ್ಟನಡುವೆ ಜಿಲ್ಲೆಯ ಗಡಿ ಹಾದುಹೋಗುತ್ತದೆ. ಈಚೆ ನಾವು, ಆಚೆ ನಗರ; ಮಗುವಿನ ಮನೆ ಯಾವ ಕಡೆಯೋ ಆ ಕಡೆಯ ಶಾಲೆಗೇ ಹೋಗಬೇಕು. ಎರಡೂ ಕಡೆ ಅದೇ ಮೇಪಲ್ ಮರಗಳು, ಅದೇ ಎರಡು ಕೋಣೆಯ ಮನೆಗಳು. ಹಿಮ ಬಿದ್ದ ದಿನ ನಮ್ಮ ಗಾಡಿ ಬಂದು ನಮ್ಮ ಅರ್ಧವನ್ನಷ್ಟೇ ಬಳಿದು ಹೋಗುತ್ತದೆ. ಆಚೆಯ ಶಾಲೆಯಲ್ಲಿ ಕೋಣೆ ಬೆಚ್ಚಗಿಡಲು ಹಣವಿಲ್ಲದೆ ಚಳಿಗಾಲದಲ್ಲಿ ಮಕ್ಕಳು ಕೋಟು ತೊಟ್ಟೇ ಕೂರುತ್ತಿದ್ದರೆಂದು ಎಲ್ಲರಿಗೂ ಗೊತ್ತಿತ್ತು. ಬರ್ನಿಯ ತಂದೆ ಬೇರಿಂಗ್ ಕಾರ್ಖಾನೆಯ ಕೆಲಸಗಾರ. ಮಗಳಿಗೆ ಆರು ತುಂಬಿದಾಗ ಆ ಕಡೆಯ ಬಾಡಿಗೆ ಮನೆಯಿಂದ ಈ ಕಡೆಯ ಸ್ವಂತ ಮನೆಗೆ ಬಂದರು. “ನಾವೂ ದಾಟಿ ಬಂದೋರೇ,” ಎನ್ನುತ್ತಾರೆ ಬರ್ನಿ. “ಅಪ್ಪನ ಪಕ್ಕದಲ್ಲೇ ನಿಂತು ಅದೇ ಯಂತ್ರದಲ್ಲಿ ದುಡೀತಿದ್ದ ಕರಿಯರಿಗೆ ಈ ಕಡೆ ಯಾರೂ ಮನೆ ಮಾರ್ತಿರಲಿಲ್ಲ. ಅಪ್ಪ ಅದರ ಬಗ್ಗೆ ಮಾತೇ ಆಡ್ತಿರಲಿಲ್ಲ. ನಾನೂ ಕೇಳಲಿಲ್ಲ.”

ಎರಡು ಸಾವಿರದ ಎರಡರ ಸೆಪ್ಟೆಂಬರಿನಲ್ಲಿ ಲಿಂಡೆಲ್ ರಸ್ತೆಯ ನಿಲ್ದಾಣಕ್ಕೆ ಒಬ್ಬಳು ಹೊಸ ಹುಡುಗಿ ಬಂದಳು. ರೆನೆಲ್ ಓಗಲ್ಸ್‌ಬಿ, ಎಂಟು ವರ್ಷ, ಮೂರನೇ ತರಗತಿ. ಶಾಲೆಗೆ ಕೊಟ್ಟ ವಿಳಾಸ ಈ ಕಡೆಯ ಚಿಕ್ಕಮ್ಮನ ಮನೆಯದು. ಅವಳು ದಿನಾ ಬರುತ್ತಿದ್ದದ್ದು ಆ ಕಡೆಯಿಂದ. ಬರ್ನಿ ಕೆಂಪು ಕೈ ಚಾಚಿ ಎರಡೂ ದಿಕ್ಕಿನ ಕಾರುಗಳನ್ನು ತಡೆದು ಬೆರಳೆತ್ತಿ ಸನ್ನೆ ಮಾಡುವ ತನಕ ಅವಳು ಅಂಚಿನಲ್ಲೇ ನಿಲ್ಲುತ್ತಿದ್ದಳು. ಆಮೇಲೆ ಹೆಜ್ಜೆ ಎಣಿಸುತ್ತ ದಾಟುತ್ತಿದ್ದಳು. ಮೆಟ್ಟಿಲು ಹತ್ತುವಾಗ ಲೆಕ್ಕ ಒಪ್ಪಿಸುವಳು: “ಇವತ್ತು ಹನ್ನೊಂದೇ, ಮಿಸ್ ಬರ್ನಿ!” ಕಾಲು ಉದ್ದವಾಗ್ತಿದೆ ಕಣೇ ಎಂದು ಬರ್ನಿ ರೇಗಿಸುತ್ತಿದ್ದರು.

ಆ ವರ್ಷ ಶಾಲೆಗಳ ಖರ್ಚಿನ ತೆರಿಗೆಯನ್ನು ಜನ ಮತ ಹಾಕಿ ತಿರಸ್ಕರಿಸಿದರು. ಮೂವರು ಚಾಲಕರ ಕೆಲಸ ಹೋಯಿತು. ಹೈಸ್ಕೂಲಿನ ಸಭೆಯಲ್ಲಿ ಒಬ್ಬರು ಎದ್ದು, ಹೊರಗಿನವರ ಮಕ್ಕಳು ಸುಳ್ಳು ವಿಳಾಸ ಕೊಟ್ಟು ನಮ್ಮ ಶಾಲೆ ತುಂಬುತ್ತಿದ್ದಾರೆ, ಹುಡುಕಿ ತೆಗೆಯಿರಿ ಎಂದರು. ಚಪ್ಪಾಳೆ ಜೋರಾಗಿ ಬಿತ್ತು. ಅಲ್ಲಿ ಕೂತಿದ್ದ ನಮ್ಮಲ್ಲಿ ಎಷ್ಟು ಜನ ಚಪ್ಪಾಳೆ ತಟ್ಟದೆ ಕೂತಿದ್ದೆವು? ಎದೆ ಮುಟ್ಟಿಕೊಂಡು ಹೇಳಬಲ್ಲವರು ಹೆಚ್ಚಿಲ್ಲ.

ಅಕ್ಟೋಬರಿನಲ್ಲಿ ಶಾಲಾ ಜಿಲ್ಲೆಯ ಕಚೇರಿ ದಾಟುವವರ ಪಟ್ಟಿಯನ್ನು ಎಂದಿಗಿಂತ ಎರಡು ವಾರ ಮೊದಲೇ ಕೇಳಿತು. ಬೇರೆ ಬೀದಿಗಳಲ್ಲಿ ಆ ಚೌಕದ ಗುರುತಿಗೆ ಇರುವುದು ಒಂದೇ ಅರ್ಥ, ಮಗುವಿಗಾಗಿ ಕಾಯಿರಿ ಎಂದು. ಗಡಿಯೇ ಹಾದುಹೋಗುವ ಲಿಂಡೆಲ್ ರಸ್ತೆಯಲ್ಲಿ ಅದಕ್ಕೆ ಇನ್ನೊಂದು ಅರ್ಥವಿತ್ತು: ಈ ಮಗು ನಮ್ಮದಲ್ಲ. ಬರ್ನಿ ರೆನೆಲ್‌ಳ ಹೆಸರಿನ ಮುಂದೆ ಗುರುತು ಹಾಕಿದರು. ಹತ್ತು ದಿನ ಕಳೆದ ಮೇಲೆ ಒಂದು ಸೋಮವಾರ ಲಿಂಡೆಲ್ ರಸ್ತೆಯ ಆಚೆ ಅಂಚಿನಲ್ಲಿ ಯಾರೂ ಇರಲಿಲ್ಲ. ಬರ್ನಿ ಎರಡು ನಿಮಿಷ ಕಾದರು. ಮರುದಿನವೂ ಕಾದರು. ಮೂರನೆಯ ದಿನ ಪಟ್ಟಿಯಲ್ಲಿ ಆ ಹೆಸರಿನ ಮೇಲೆ ಗೆರೆ ಬಿದ್ದಿತ್ತು; ಅವಳನ್ನು ಶಾಲೆಯಿಂದ ತೆಗೆದುಹಾಕಿದ್ದರು.

“ನಿಯಮ, ಅದಕ್ಕೇ ಹಾಕ್ದೆ ಅಂತ ಎಷ್ಟೋ ವರ್ಷ ನನಗೆ ನಾನೇ ಹೇಳ್ಕೊಂಡೆ,” ಎನ್ನುವಾಗ ಬರ್ನಿಯ ಕಣ್ಣು ಸ್ಟೀರಿಂಗಿನ ಮೇಲಿದೆ. “ಸುಳ್ಳು. ಪೆನ್ನು ಆ ಚೌಕದ ಮೇಲೆ ನಿಂತಿತ್ತು. ಆಫೀಸಿನೋರು ಯಾಕೆ ಕೇಳ್ತಿದ್ದಾರೆ ಅಂತ ಗೊತ್ತಿತ್ತು. ನಮ್ಮ ತೆರಿಗೇಲಿ ಇವರು ಬಂದು ಓದ್ತಾರಲ್ಲ ಅನ್ನೋ ಹೊಟ್ಟೆಕಿಚ್ಚು ನನಗೂ ಇತ್ತು. ಗೊತ್ತಿದ್ದೇ ಹಾಕ್ದೆ. ಆಮೇಲೆ ಪೆನ್ನಿನ ಮುಚ್ಚಳ ಹಾಕಿ ಕಾಫಿ ಕುಡಿದೆ. ಅದು ನೆನಪಾದ್ರೆ ಈಗ್ಲೂ ತಲೆ ಎತ್ತೋಕಾಗಲ್ಲ.”

ಮುಂದಿನ ಅಕ್ಟೋಬರಿನಿಂದ ಅವರು ಎಲ್ಲ ಮಕ್ಕಳ ಮುಂದೆಯೂ ಗುರುತು ಹಾಕತೊಡಗಿದರು. ಬಾಗಿಲೆದುರೇ ಬಸ್ಸು ಹತ್ತುವ ಮಗುವಿಗೂ ಕೆಂಪು ಕೈ ಚಾಚುತ್ತದೆ, ಕಾರುಗಳು ಹಾರ್ನ್ ಬಾರಿಸುತ್ತವೆ, ಬರ್ನಿ ಕಾಯುತ್ತಾರೆ. ಎಲ್ಲರೂ ದಾಟುವವರೇ ಆದಾಗ ಯಾರು ದಾಟಿದರೆಂದು ಆ ಹಾಳೆ ಹೇಳುವುದಿಲ್ಲ. ಇದನ್ನು ದೊಡ್ಡ ಪ್ರಾಯಶ್ಚಿತ್ತವೆಂದು ಹೊಗಳಲು ಹೋದರೆ ಬರ್ನಿ ಸಿಡುಕುತ್ತಾರೆ. “ಹೋದ ಮಗು ಹೋಯ್ತು. ಇದರಿಂದ ಅವಳು ವಾಪಸ್ ಬಂದ್ಲಾ?”

ಕಳೆದ ವಸಂತದಲ್ಲಿ ಅವಳು ಸಿಕ್ಕಳು. ರಕ್ತದೊತ್ತಡದ ಮಾತ್ರೆ ತರಲು ಬರ್ನಿ ನಗರದ ಕಡೆಯ ಔಷಧಿ ಅಂಗಡಿಗೆ ಹೋಗಿದ್ದರು. ಕೌಂಟರಿನ ಹಿಂದೆ ನಿಂತಿದ್ದ ಮೂವತ್ತರ ಹೆಂಗಸು ಹೆಸರು ಓದಿ ಮುಖ ನೋಡಿದರು.

“ಮಿಸ್ ಬರ್ನಿ ಅಲ್ವಾ? ಹದಿನಾಲ್ಕನೇ ಬಸ್ಸು! ನಾನು ರೆನೆಲ್. ನೀವು ನನಗೋಸ್ಕರ ಇಡೀ ರಸ್ತೇನೇ ನಿಲ್ಲಿಸ್ತಿದ್ರಿ. ಆ ಶಾಲೇಲಿ ಇದ್ದದ್ದು ಏಳೇ ವಾರ, ಅಲ್ಲಿಂದ ನೆನಪಿರೋದು ನೀವೊಬ್ರೇ. ತುಂಬಾ ಥ್ಯಾಂಕ್ಸ್ ಕಣ್ರೀ.”

ಬರ್ನಿ ಏನು ಹೇಳಿದರು? “ಪರವಾಗಿಲ್ಲಮ್ಮಾ,” ಎಂದರು. ಮಾತ್ರೆ ತೆಗೆದುಕೊಂಡು ಕಾರಿಗೆ ಬಂದರು. ಕಾರು ಶುರು ಮಾಡಲು ಅರ್ಧ ಗಂಟೆ ಬೇಕಾಯಿತು. ಪಡೆಯಬಾರದ ಆ ಥ್ಯಾಂಕ್ಸು ಗುರುತು ಹಾಕಿದ ದಿನಕ್ಕಿಂತ ಹೆಚ್ಚು ನಾಚಿಕೆ ತಂದಿತು ಎನ್ನುತ್ತಾರೆ.

ಶತಮಾನೋತ್ಸವ ಸಮಿತಿ ಬರ್ನಿಗೆ ಹಿತ್ತಾಳೆಯ ಫಲಕ ಕೊಡಲು ತೀರ್ಮಾನಿಸಿದ್ದು ಇದೇ ಸೆಪ್ಟೆಂಬರಿನಲ್ಲಿ. ಅದರ ಮೇಲೆ ಕೆತ್ತುವ ಸಾಲು: ‘ಇಪ್ಪತ್ತೊಂಬತ್ತು ವರ್ಷ, ಒಂದು ಮಗುವಿಗೂ ಹಾನಿಯಿಲ್ಲ.’ ಆ ಸಾಲನ್ನು ಫೋನಿನಲ್ಲಿ ಓದಿ ಹೇಳಿದಾಗ ಬರ್ನಿ ಫಲಕ ಬೇಡ ಎಂದರು. ವಿನಯ ಎಂದುಕೊಂಡು ಸಮಿತಿಯವರು ನಕ್ಕರು. ನಮ್ಮ ಪತ್ರಿಕೆಯ ಈ ಪುರವಣಿಯಿಂದ ಕರೆ ಹೋದಾಗಲೂ ಮೂರು ಸಲ ಬೇಡವೆಂದರು. ನಾಲ್ಕನೇ ಸಲ ತಾವೇ ಕರೆ ಮಾಡಿ, “ಎಲ್ಲಾ ಹಾಕೋದಾದ್ರೆ ಬನ್ನಿ. ಅರ್ಧ ಹಾಕೋದಾದ್ರೆ ಬೇಡ,” ಎಂದರು.

ಎಲ್ಲ ಹೇಳಿದ ಮೇಲೆ ಅವರಿಗೆ ಇನ್ನೊಂದು ಚಿಂತೆ ಹತ್ತಿತು. ರೆನೆಲ್ ಇದನ್ನು ಶನಿವಾರ ಪತ್ರಿಕೆಯಲ್ಲಿ ಓದಿ ತಿಳಿಯುವುದೇ? ಗುರುವಾರ ಬೆಳಗಿನ ಎರಡನೇ ಸುತ್ತು ಮುಗಿದದ್ದೇ ಸಮವಸ್ತ್ರದ ಜಾಕೆಟ್ಟಿನಲ್ಲೇ ಔಷಧಿ ಅಂಗಡಿಗೆ ಹೋದರು. ಸರದಿಯಲ್ಲಿ ನಿಂತರು. ತಮ್ಮ ಸರದಿ ಬಂದಾಗ ಕೌಂಟರಿನ ಮೇಲೆ ಎರಡೂ ಕೈಯಿಟ್ಟು, ಪಟ್ಟಿ ಎಂದರೇನು, ಗುರುತು ಎಂದರೇನು ಎಂಬುದರಿಂದ ಹಿಡಿದು ಎಲ್ಲ ಹೇಳಿದರು. ರೆನೆಲ್ ಹಿಂದೆ ನಿಂತವರನ್ನು ಬೇರೆ ಕೌಂಟರಿಗೆ ಕಳಿಸಿದರು.

“ಆ ಗುರುತು ನೀವು ಹಾಕಿದ್ದಾ?”

“ಹೌದಮ್ಮಾ.”

“ಗೊತ್ತಿದ್ದೂ?”

“ಗೊತ್ತಿದ್ದೂ.”

ಆಮೇಲೆ ರೆನೆಲ್ ಹೇಳಿದ್ದನ್ನು ಬರ್ನಿ ಒಂದು ಅಕ್ಷರವೂ ಬಿಡದೆ ಒಪ್ಪಿಸುತ್ತಾರೆ. “ನಮ್ಮಮ್ಮ ನನ್ನನ್ನ ಅಡುಗೆಮನೇಲಿ ನಿಲ್ಲಿಸಿ ಕೇಳಿದ್ಲು, ಯಾರ ಹತ್ರ ಬಾಯಿಬಿಟ್ಟೆ ಹೇಳು ಅಂತ. ನಾನು ಯಾರಿಗೂ ಹೇಳಿಲ್ಲಮ್ಮಾ ಅಂದೆ. ನಂಬಲಿಲ್ಲ. ನಿನ್ನ ಬಾಯಿಂದ್ಲೇ ಹೀಗಾಯ್ತು ಅಂದ್ಲು. ಕೇಳಿ ಕೇಳಿ ನಾನೂ ನಂಬಿದೆ. ಯಾರೋ ಗೆಳತಿ ಹತ್ರ, ಊಟದ ಹೊತ್ತಲ್ಲಿ, ಏನೋ ಅಂದಿರ್ಬೇಕು ಅಂತ. ಹೊಸ ಶಾಲೇಲಿ ಒಂದು ವರ್ಷ ಯಾರ ಜೊತೇನೂ ಮಾತಾಡ್ಲಿಲ್ಲ. ಅಮ್ಮ ಹೋಗಿ ಆರು ವರ್ಷ ಆಯ್ತು, ಹಾಗೇ ಅಂದ್ಕೊಂಡೇ ಹೋದ್ಲು.”

ಕ್ಷಮೆ ಕೇಳಲು ಬರ್ನಿ ಬಾಯಿ ತೆರೆದರು. ರೆನೆಲ್ ಕೈ ಅಡ್ಡ ಹಿಡಿದರು. “ಈಗ ಬೇಡ. ನನಗೆ ಗೊತ್ತಿಲ್ಲ, ಯಾವಾಗ ಅಂತಾನೂ ಗೊತ್ತಿಲ್ಲ. ಪೇಪರಿನೋರು ಹಾಕ್ಲಿ. ನನ್ನ ಹೆಸರು ಸೇರಿಸಿಯೇ ಹಾಕ್ಲಿ.”

ಶುಕ್ರವಾರ ಬೆಳಿಗ್ಗೆ ಐದೂಕಾಲಿಗೆ ಬರ್ನಿ ಮತ್ತೆ ಬಸ್ಸಿನ ಬಳಿ ಇದ್ದಾರೆ. ರಾತ್ರಿ ನಿದ್ದೆ ಮಾಡಿದ ಮುಖವಲ್ಲ. ಬಸ್ಸು ಹತ್ತಲು ಒಂದು ಕಾಲಿಟ್ಟವರು ಇಳಿದು ಬರುತ್ತಾರೆ.

“ನನ್ನ ಫೋಟೋ ಬೇಡ. ಇಷ್ಟು ವರ್ಷ, ಇಷ್ಟು ಮೈಲಿ ಅಂತ ಬರೆದ್ರೂ ಸರಿ, ಬಿಟ್ರೂ ಸರಿ. ಒಂದು ಮಾತು ಮಾತ್ರ ದಪ್ಪ ಅಕ್ಷರದಲ್ಲಿ ಹಾಕಿ, ಆ ಕಡೆ ಇರೋರೂ ಈ ಕಡೆ ಇರೋರೂ ಓದೋ ಹಾಗೆ. ರೆನೆಲ್ ಓಗಲ್ಸ್‌ಬಿ ಯಾರಿಗೂ ಹೇಳಿರಲಿಲ್ಲ.”