ಹುಳು ಮನೆಯವರು ಅಮೆಜಾನಿಗೆ ಹೊರಡುವ ಮುನ್ನ

ದೂರದ ಪ್ರಯಾಣವು ಮನುಷ್ಯನ ಭಯವನ್ನು ಕಳೆಯುತ್ತದೆ. ಶಿಡ್ಲಘಟ್ಟದ ಬಳಿಯ ಶಾಲೆಯಲ್ಲಿ ಮೇಷ್ಟ್ರಾಗಿದ್ದಾಗ ಈ ವಾಕ್ಯವನ್ನು ವರ್ಷಾವರ್ಷ ಉಕ್ತಲೇಖನಕ್ಕೆ ಕೊಡುತ್ತಿದ್ದೆ. ಆಗ ನಾನು ಕಂಡಿದ್ದ ಅತಿ ದೂರದ ಊರು ಹಿಂದೂಪುರ.

ನಿವೃತ್ತನಾದ ಮೇಲೆ ಹೆಂಡತಿಯೊಂದಿಗೆ ಅಮೆಜಾನ್ ಕಾಡಿನ ಒಂದು ಪುಟ್ಟ ಪಟ್ಟಣಕ್ಕೆ ಹೋಗಿಬಂದೆ. ನನ್ನ ತಂಗಿ ಅಲ್ಲಿ ನದಿಯ ಮೀನುಗಳ ಸಂಶೋಧನೆ ಮಾಡುತ್ತಾಳೆ. ನಮ್ಮ ಕಡೆಯಿಂದ ಅಲ್ಲಿಗೆ ಹೊರಡುವವರ ನೂಕುನುಗ್ಗಲೇನೂ ಇಲ್ಲವಾದರೂ, ಹೊರಟವರಿಗೆ ನಾಲ್ಕು ಮಾತು ಹೇಳುವುದು ನನ್ನ ಕರ್ತವ್ಯ. ಹಳದಿ ಜ್ವರದ ಚುಚ್ಚುಮದ್ದನ್ನು ಹತ್ತು ದಿನ ಮೊದಲೇ ಹಾಕಿಸಿಕೊಳ್ಳಿ. ಹಾಕಿಸಿಕೊಂಡದ್ದಕ್ಕೆ ಗುರುತಾಗಿ ಕೊಡುವ ಪುಟ್ಟ ಪುಸ್ತಕವನ್ನು ಪಾಸ್‌ಪೋರ್ಟಿನ ಜೊತೆಗೇ ಇಡಿ. ಆ ಊರಿಗೆ ರಸ್ತೆಯಿಲ್ಲ, ದೋಣಿಯಲ್ಲಿ ಮೂರು ದಿನ. ಮಲಗುವುದು ಜೋಲಿಯಲ್ಲಿ; ಬೇಗ ಹೋಗಿ ಎಂಜಿನ್ನಿಗೂ ಕಕ್ಕಸಿಗೂ ದೂರ ಕಟ್ಟಿಕೊಳ್ಳಿ. ನಾವು ಕೈವಾರದ ಬಸ್ಸು ಹಿಡಿಯುವವರಂತೆ ಕೊನೇ ಗಳಿಗೆಯಲ್ಲಿ ಹೋದೆವು. ಎರಡರ ನಡುವೆ ಜಾಗ ಸಿಕ್ಕಿತು. ಬೂಟನ್ನು ಕೊಡವಿ ಹಾಕಿಕೊಳ್ಳಿ. ಒಳಗೆ ಏನಿರುತ್ತದೆಂದು ನಾನು ಕೇಳಲಿಲ್ಲ. ಕೇಳಿದ್ದರೆ ಬರಿಗಾಲಲ್ಲೇ ಇರುತ್ತಿದ್ದೆ.

ಇನ್ನು ಸೊಳ್ಳೆ. ಹೊತ್ತು ಇಳಿಯುವ ಮುಂಚೆ ಮೈಗೆಲ್ಲ ಸೊಳ್ಳೆ ಮುಲಾಮು ಹಚ್ಚಬೇಕು. ಇಲ್ಲೇ ನಾವು ಕೆಟ್ಟದ್ದು.

ನಾವು ರೇಷ್ಮೆ ಹುಳು ಸಾಕುವವರು. ಸಾಕುವವಳು ಹೆಂಡತಿ, ‘ನಾವು’ ಎನ್ನುವವನು ನಾನು. ಸೊಳ್ಳೆಯನ್ನು ಓಡಿಸುವ ಹೊಗೆ ಹುಳುವನ್ನು ಕೊಲ್ಲುತ್ತದೆ. ಹಾಗಾಗಿ ಮೂವತ್ತು ವರ್ಷದಿಂದ ನಮ್ಮ ಮನೆಯಲ್ಲಿ ಸೊಳ್ಳೆ ಬತ್ತಿ ಹಚ್ಚಿಲ್ಲ. ಸೆಂಟು ಹಾಕಿಕೊಂಡು ಬಂದ ಬೀಗರನ್ನು ಅವಳು ಅಂಗಳದಲ್ಲೇ ಕೂರಿಸಿ ಕಾಫಿ ಕೊಟ್ಟಿದ್ದಾಳೆ.

ದೋಣಿಯಲ್ಲಿ ಮೊದಲ ಸಂಜೆ, ನಮ್ಮನ್ನು ಕರೆದೊಯ್ಯಲು ಬಂದಿದ್ದ ತಂಗಿ ಮುಲಾಮಿನ ಟ್ಯೂಬು ಚಾಚಿದಳು.

“ಅತ್ತಿಗೆ, ಹಚ್ಕೊಳ್ಳಿ. ಇಲ್ಲಿ ಮಲೇರಿಯಾ ಇದೆ.”

“ಬೇಡಮ್ಮ. ಆ ವಾಸ್ನೆ ಬಟ್ಟೆಗೆ ಹತ್ತಿದ್ರೆ ಹೋಗಲ್ಲ. ಊರಿಗೆ ಹೋದ ವಾರಕ್ಕೇ ಹೊಸ ಹುಳು ಬರುತ್ತೆ.”

“ಹುಳು ಭೂಮಿ ಆ ಕಡೆ ಇದಾವೆ ಅತ್ತಿಗೆ!”

“ಇರ್ಲಿ, ನಾನು ವಾಪಸ್ ಹೋಗಲ್ವಾ? ಉದ್ದ ತೋಳಿನ ರವಿಕೆ ಇದೆ, ಸಾಕು.”

ತಂಗಿ ನನ್ನ ಮುಖ ನೋಡಿದಳು. ನಾನು ಗಂಭೀರವಾಗಿ ನದಿಯನ್ನು ನೋಡಿದೆ. ಆಮೇಲೆ ಟ್ಯೂಬು ಇಸಿದುಕೊಂಡು ಕಕ್ಕಸಿಗೆ ಹೋಗಿ, ಚಿಲಕ ಹಾಕಿ, ಕಿವಿಯ ಹಿಂಭಾಗವನ್ನೂ ಬಿಡದೆ ಬಳಿದುಕೊಂಡೆ. ಹದಿಮೂರು ಸಂಜೆ ಹೀಗೇ ಮಾಡಿದೆ.

ಹದಿನಾಲ್ಕನೇ ದಿನ ಬೆಳಿಗ್ಗೆ, ತಂಗಿಯ ಮನೆಯಲ್ಲಿ, ಹೆಂಡತಿಗೆ ಚಳಿ ಹತ್ತಿತು. ಬೆವರಿಳಿಯುವ ಸೆಕೆಯಲ್ಲಿ ಎರಡು ಕಂಬಳಿ ಹೊದ್ದೂ ನಡುಗುತ್ತಿದ್ದಳು. ಆರೋಗ್ಯ ಕೇಂದ್ರದಲ್ಲಿ ಬೆರಳು ಚುಚ್ಚಿ, ರಕ್ತದ ಹನಿಯನ್ನು ಗಾಜಿಗೆ ಸವರಿ ಒಳಗೆ ಒಯ್ದರು. ತಂಗಿಯೂ ಜೊತೆಗೆ ಹೋದಳು. ನಾವಿಬ್ಬರು ಬೆಂಚಿನ ಮೇಲೆ ಕಾದೆವು. ಎದುರು ಗೋಡೆಯಲ್ಲಿ ಕೋಳಿಯಷ್ಟು ದೊಡ್ಡ ಸೊಳ್ಳೆಯ ಚಿತ್ರ. ಅದರ ಕೆಳಗಿನ ಬರಹ ನನಗೆ ಓದಲು ಬಾರದು. ಬಾರದ ಭಾಷೆಯಲ್ಲಿ ಎಲ್ಲವೂ ಸಾವಿನ ಸುದ್ದಿಯಂತೆಯೇ ಕಾಣುತ್ತದೆ. ದೊಡ್ಡ ಆಸ್ಪತ್ರೆ ಇದ್ದದ್ದು ದೋಣಿಯಲ್ಲಿ ಮೂರು ದಿನದ ದೂರಕ್ಕೆ. ಮತ್ತೆ ಮತ್ತೆ ಎಣಿಸಿದೆ. ಪ್ರತಿ ಸಲವೂ ಮೂರೇ ಬಂತು.

ಅವಳು ನನ್ನ ಭುಜಕ್ಕೆ ಒರಗಿದವಳು ಮೂಸಿ ನೋಡಿದಳು.

“ರೀ, ನಿಮ್ಮ ಮೈಯಿಂದ ಏನದು ವಾಸ್ನೆ?”

ಸುಳ್ಳು ಹೇಳುವ ತ್ರಾಣ ಇರಲಿಲ್ಲ. “ಮುಲಾಮು. ದಿನಾ ಹಚ್ಕೊಳ್ತಿದ್ದೆ.”

“ಅಯ್ಯೋ ದೇವುಡಾ! ಕದ್ದು?”

“ಕದ್ದು.”

“ನಂಗೂ ಒಂದ್ಸಲ ಜೋರು ಮಾಡಿ ಹಚ್ಬಾರ್ದಿತ್ತಾ?”

“ನಿನ್ನ ಮೇಲೆ ಜೋರಾ? ಮಲೇರಿಯಾಗಿಂತ ಅದೇ ಭಯ ಕಣೇ ನಂಗೆ.”

ನಗಲು ಹೋದಳು, ಹಲ್ಲು ಕಟಕಟಿಸಿತು. ನನ್ನ ಕೈ ಹಿಡಿದುಕೊಂಡಳು.

“ಊರಿಗೆ ಹೋದ್ಮೇಲೆ ನೀವು ಹುಳು ಮನೆ ಹೊಸ್ತಿಲು ದಾಟಂಗಿಲ್ಲ.”

“ಮೊದ್ಲು ಊರಿಗೆ ಹೋಗಣ.”

ತಂಗಿ ಚೀಟಿ ಹಿಡಿದು ಹೊರಗೆ ಬಂದಳು. ಮಲೇರಿಯಾ ಇತ್ತು. ಹೆಂಡತಿ ಏಳು ದಿನ ಮಾತ್ರೆ ನುಂಗಿದಳು; ವಾಸಿಯಾಯಿತು. ಹನ್ನೆರಡು ದಿನ ತಡವಾಗಿ ಊರು ಸೇರಿದೆವು. ಹೊಸ ಹುಳು ಬರುವ ವಾರ ಕಳೆದಿತ್ತು; ಆ ಸಲ ಹುಳು ಸಾಕಲಿಲ್ಲ.