ನೆಗೆಣ್ಣಿಯ ಪ್ರೊಫೈಲ್ ಬರೆದದ್ದು

ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿದವಳಿಗೆ ಇನ್ನೊಬ್ಬರ ಬಗ್ಗೆ ಹತ್ತು ಸಾಲು ಬರೆಯುವುದು ಏನು ಮಹಾ ಕೆಲಸ ಅಂದುಕೊಂಡಿದ್ದೆ. ನಿವೃತ್ತಿಯಾದ ಎರಡನೆಯ ವರ್ಷ ಆ ಸೊಕ್ಕು ಇಳಿಯಿತು. ಇಳಿಸಿದವಳು ನನ್ನ ನೆಗೆಣ್ಣಿ, ಅಂದರೆ ಮೈದುನನ ಹೆಂಡತಿ. ಹಗರಿಬೊಮ್ಮನಹಳ್ಳಿಯಲ್ಲಿ ನಮ್ಮದು ಒಂದೇ ಗೋಡೆಯ ಆಚೀಚೆಯ ಮನೆ. ಅವರ ಮನೆಯ ಒಗ್ಗರಣೆ ಸಿಡಿದರೆ ನಮ್ಮ ಮನೆಯಲ್ಲಿ ಸೀನು ಬರುತ್ತದೆ.

ಆಕೆ ಓದಿದ್ದು ಪಿಯುಸಿ. ಹದಿನಾಲ್ಕು ವರ್ಷ ಒಂದು ಹತ್ತಿ ಬೀಜದ ಕಂಪನಿಯಲ್ಲಿ ಸೂಪರ್‌ವೈಸರ್ ಆಗಿದ್ದಳು. ಹಂಪಸಾಗರ, ಇಟ್ಟಿಗಿ, ಕೋಗಳಿ ಕಡೆಯ ರೈತರು ಆ ಕಂಪನಿಗಾಗಿ ಹೈಬ್ರಿಡ್ ಬೀಜ ಬೆಳೆಯುತ್ತಿದ್ದರು. ಒಂದೇ ಹೊಲದಲ್ಲಿ ಗಂಡು ಸಾಲು, ಹೆಣ್ಣು ಸಾಲು ಬೇರೆ ಬೇರೆ. ಸಂಜೆ ಹೆಣ್ಣಾಳುಗಳು ಹೆಣ್ಣು ಸಾಲಿನ ಮೊಗ್ಗು ಬಿಡಿಸುತ್ತಾರೆ, ಅಂದರೆ ಗಿಡದಲ್ಲಿರುವಂತೆಯೇ ಮೊಗ್ಗಿನ ಎಸಳು, ಗಂಡು ಕೇಸರ ತೆಗೆದಿಡುತ್ತಾರೆ. ಮರುದಿನ ಬೆಳಿಗ್ಗೆ ಗಂಡು ಸಾಲಿನ ಹೂವು ತಂದು ಅದಕ್ಕೆ ಮುಟ್ಟಿಸಿ, ಗುರುತಿಗೆ ದಾರ ಕಟ್ಟುತ್ತಾರೆ. ನಡುವೆ ಬೇರೆ ಜಾತಿಯ ಗಿಡ ಒಂದು ಸೇರಿಕೊಂಡರೂ ಬೀಜ ಕೆಟ್ಟಿತು. ಅದಕ್ಕೆ ಬೆರಕೆ ಅನ್ನುತ್ತಾರೆ. ಬೆರಕೆ ಹುಡುಕಿ ಕೀಳಿಸುವುದೇ ನೆಗೆಣ್ಣಿಯ ಕೆಲಸ.

ಹೋದ ವರ್ಷ ಆ ಕಂಪನಿ ನಮ್ಮ ಕಡೆಯ ಕೆಲಸವನ್ನೇ ನಿಲ್ಲಿಸಿತು. ಅಲ್ಲಿನ ಹಳೆಯ ಮ್ಯಾನೇಜರು ಕೂಡ್ಲಿಗಿಯಿಂದ ಆಕೆಗೆ ಫೋನು ಮಾಡಿ, ಹರಪನಹಳ್ಳಿಯಲ್ಲಿ ಶಾಖೆ ತೆರೆದ ಇನ್ನೊಂದು ಕಂಪನಿಗೆ ಹೊಲದ ಗುಣಮಟ್ಟ ನೋಡುವವರು ಬೇಕಾಗಿದ್ದಾರೆ, ಆದರೆ ಅವರು ಅರ್ಜಿ ತೆಗೆದುಕೊಳ್ಳುವುದಿಲ್ಲ, ಉದ್ಯೋಗದವರೆಲ್ಲ ಸೇರುವ ಜಾಲತಾಣದಲ್ಲಿ ಪ್ರೊಫೈಲ್ ನೋಡಿ ಕರೆಯುತ್ತಾರೆ ಎಂದು ತಿಳಿಸಿದರು. ಅಷ್ಟರಲ್ಲಿ ಹೂವಿಗೆ ಹೂವು ಮುಟ್ಟಿಸುವ ಕ್ರಾಸಿಂಗ್ ಕಾಲ ಶುರುವಾಗಿತ್ತು. ಕೂಲಿ ಗುಂಪಿನ ಮೇಸ್ತ್ರಿ ಆಗಲೇ ಮನೆಗೆ ಬಂದು ಮೊಗ್ಗು ಬಿಡಿಸಲು ಬಾ ಎಂದು ಕರೆದು ಹೋಗಿದ್ದಳು. ಬರುವ ವಾರದೊಳಗೆ ಯಾವುದೂ ಆಗದಿದ್ದರೆ ನೆಗೆಣ್ಣಿ, ಹಿಂದೆ ತಾನು ನೋಡಿಕೊಂಡ, ಈಗ ಬೇರೆ ಕಂಪನಿಗಳಿಗೆ ಬೀಜ ಬೆಳೆಯುವ ಹೊಲಗಳಿಗೇ ಕೂಲಿಗೆ ಹೋಗಬೇಕು.

"ಕೂಲಿಗೆ ಹೋಗಾಕ ನನಗೇನ್ ನಾಚಿಕಿಲ್ಲಕ್ಕ," ಅಂದಳು. "ಆದ್ರ ಬೆರಕಿ ಕಣ್ಣಿಗೆ ಬಿದ್ದ ಮ್ಯಾಲೆ ಸುಮ್ನಿರಾಕ ಆಗಂಗಿಲ್ಲ ನನಗ. ಕೂಲಿಯಾಕಿ ಹೇಳಿದ್ರ ಯಾರ್ ಕೇಳ್ತಾರ?"

ನಾನಿದ್ದೇನೆ, ನೀನು ಸುಮ್ಮನಿರು ಅಂದೆ. ಬಾಯಿದ್ದವರು ಬರಗಾಲದಲ್ಲೂ ಬದುಕುತ್ತಾರಂತೆ. ನನ್ನ ಬಾಯಿ ಎಂಥದು ಎಂದು ನಮ್ಮ ಶಾಲೆಯ ಗೋಡೆಗಳಿಗೂ ಗೊತ್ತು.

ಮೊಬೈಲ್ ಹಿಡಿದು ಕೂತೆ. ಹೆಸರಿನ ಕೆಳಗೆ ಒಂದು ಸಾಲಿನಲ್ಲಿ ನೀವು ಯಾರು ಎಂದು ಹೇಳಿ ಎಂದು ಆ ತಾಣ ಕೇಳಿತು. 'ಶ್ರಮಜೀವಿ, ಸರಳ ಸಜ್ಜನಿಕೆಯ ಬಹುಮುಖ ಪ್ರತಿಭೆ' ಎಂದು ಬರೆದೆ. ಪರಿಚಯದ ಜಾಗದಲ್ಲಿ ಹಿರಿಯರ ಆಶೀರ್ವಾದ, ಪ್ರಾಮಾಣಿಕತೆ, ನಿಷ್ಠೆ, ಸಮಯಪಾಲನೆ ಎಲ್ಲವನ್ನೂ ತುಂಬಿದೆ. ಓದಿದರೆ ಯಾರದೋ ಅಭಿನಂದನಾ ಪತ್ರದಂತಿತ್ತು. ನನಗೆ ಬಹಳ ಹಿಡಿಸಿತು. ಕೆಳಗೆ ಇಂಗ್ಲಿಷಿನಲ್ಲೂ ಅದನ್ನೇ ಹಾಕಿದೆ.

ಫೋಟೋ ಅಂದಾಗ ಇಬ್ಬರಿಗೂ ಒಂದೇ ಫೋಟೋ ನೆನಪಾಯಿತು. ನಮ್ಮ ಕಡೆ ಮನುಷ್ಯನಿಗೆ ಮರ್ಯಾದೆ ಇದೆ ಎಂದು ತೋರಿಸಬೇಕಾದರೆ ಸನ್ಮಾನದ ಫೋಟೋ ಹಾಕುತ್ತೇವೆ. ಗೋಡೆಯ ಮೇಲೂ ಅದೇ, ವಾಟ್ಸಾಪಿನಲ್ಲೂ ಅದೇ. ಕೊಟ್ಟೂರಿನಲ್ಲಿ ಒಮ್ಮೆ ಮಹಿಳಾ ದಿನಾಚರಣೆಗೆ ಆಕೆಯನ್ನು ಕರೆದು ಶಾಲು ಹೊದಿಸಿದ್ದರು. ನಡುವೆ ರೇಷ್ಮೆ ಪೇಟದ ಮುಖ್ಯ ಅತಿಥಿ, ಅಕ್ಕಪಕ್ಕ ಸಂಘದವರು, ತುದಿಯಲ್ಲಿ ಇವಳು, ಕೈಯಲ್ಲಿ ಹಣ್ಣಿನ ಬುಟ್ಟಿ, ಕೊರಳಲ್ಲಿ ಮೂಗಿನವರೆಗೆ ಹಾರ.

"ಇದಾ ಚಲೋ ಐತಕ್ಕ, ಶಾಲು ಪೂರಾ ಕಾಣ್ತೈತಿ," ಅಂದಳು.

ಪ್ರೊಫೈಲನ್ನು ಎಷ್ಟು ಜನ ನೋಡಿದರು ಎಂದು ಆ ತಾಣವೇ ತಿಳಿಸುತ್ತದೆ. ನಾಲ್ಕು ದಿನದಲ್ಲಿ ಮೂವರು ನೋಡಿದ್ದರು. ಅದರಲ್ಲಿ ಒಬ್ಬಳು ನಾನು, ಇನ್ನೊಬ್ಬರು ನನ್ನ ಯಜಮಾನರು. ಐದನೆಯ ದಿನ, ಗುರುವಾರ, ಮೂರನೆಯವರ ಫೋನು ಬಂತು. ಹರಪನಹಳ್ಳಿ ಕಂಪನಿಯ ಅಧಿಕಾರಿ. ನೆಗೆಣ್ಣಿ ಸ್ಪೀಕರ್ ಹಾಕಿದಳು.

"ನಮಸ್ಕಾರ ಮೇಡಮ್ಮಾರೆ. ನಿಮ್ಮ ಹಳೇ ಮ್ಯಾನೇಜರು ಹೇಳಿದ್ರು ಅಂತ ನೋಡ್ದೆ. ಫೋಟೋದಾಗೆ ಐದು ಜನ ಇದೀರಿ. ಅದ್ರಾಗೆ ನೀವು ಯಾರು?"

"ಹಾರದಾಗ ಮುಚ್ಚಿ ಹೋಗ್ಯಾಳಲ್ರಿ, ಆಕಿ ನಾನಾ ರಿ."

ಆತ ನಗಲಿಲ್ಲ. "ಬಹುಮುಖ ಪ್ರತಿಭೆ ಅಂತ ಐತೆ. ಅಂದ್ರೆ ಏನ್ ಕೆಲಸ ಮಾಡ್ತಿದ್ರಿ?"

ನೆಗೆಣ್ಣಿ ನನ್ನ ಮುಖ ನೋಡಿದಳು. ನಾನು ಕಿಟಕಿ ನೋಡಿದೆ. ಹದಿನಾಲ್ಕು ವರ್ಷದ ಕೆಲಸದ ಒಂದು ಹತ್ತಿ ಎಳೆಯೂ ನಾನು ಬರೆದದ್ದರಲ್ಲಿ ಇರಲಿಲ್ಲ. ಸೋಮವಾರ ಇನ್ನೊಮ್ಮೆ ಪಟ್ಟಿ ನೋಡುತ್ತೇನೆ, ಅಷ್ಟರಲ್ಲಿ ನಿಮ್ಮ ಕೆಲಸ ಏನು ಅಂತ ಬರೆದಿಡಿ, ಆಮೇಲೆ ಪಟ್ಟಿ ಮುಗಿಯುತ್ತದೆ ಎಂದು ಹೇಳಿ ಆತ ಫೋನಿಟ್ಟ.

ನನಗೆ ಸಿಟ್ಟು ಬಂದದ್ದು ಆತನ ಮೇಲೆ. ಕನ್ನಡ ಓದಲು ಬಾರದ ಮನುಷ್ಯ, ಭಾಷೆಯ ಸೊಗಸು ಅವನಿಗೇನು ಗೊತ್ತು ಅಂತೆಲ್ಲ ಕೂಗಾಡಿದೆ. ನೆಗೆಣ್ಣಿ ಕೂಗಾಟ ಮುಗಿಯಲಿ ಎಂದು ಕಾದು, "ಆತ ಕೇಳಿದ್ರಾಗ ತಪ್ಪೇನೈತಕ್ಕ? ಬೀಜದ ಚೀಲದ ಮ್ಯಾಲೆ 'ಉತ್ತಮ ಬೀಜ' ಅಂತಷ್ಟಾ ಬರದ್ರ ನಾ ಆದ್ರೂ ತಗೊಂತಿದ್ನೇನು?" ಅಂದಳು.

ಮರುದಿನ ಬೆಳಿಗ್ಗೆ ಸ್ಕೂಟಿಯ ಹಿಂದೆ ನನ್ನನ್ನು ಕೂರಿಸಿಕೊಂಡು ಇಟ್ಟಿಗಿಗೆ ಹೋದಳು. ಪರಿಚಯದವರ ಬೀಜದ ಹೊಲದಲ್ಲಿ ಒಂದು ಹೊಸ ಫೋಟೋ ತೆಗೆಯುವುದಷ್ಟೇ ನಮ್ಮ ಉದ್ದೇಶ. ಹೆಣ್ಣಾಳುಗಳು ಹೂವಿಗೆ ಹೂವು ಮುಟ್ಟಿಸುತ್ತಿದ್ದರು. ಇವಳ ಸ್ಕೂಟಿ ನಿಂತದ್ದೇ ತಡ, "ಏ, ಅಕ್ಕಾರು ಬಂದ್ರು, ದಾರ ಸರೀ ಕಟ್ರಲೇ!" ಎಂದು ಒಬ್ಬಳು ಕೂಗಿದಳು. ಎಲ್ಲರೂ ನಕ್ಕರು, ಆದರೆ ಕೈಗಳು ಚುರುಕಾದದ್ದನ್ನು ನಾನು ನೋಡಿದೆ. ಕೆಲಸವೇ ಇಲ್ಲದ ಸೂಪರ್‌ವೈಸರ್‌ಗೆ ಇಷ್ಟು ಹೆದರಿಕೆ! ನನ್ನ ಕೊನೆಯ ವರ್ಷ ಒಂಬತ್ತನೇ ತರಗತಿ ನನಗೆ ಅದರ ಅರ್ಧವೂ ಹೆದರಿರಲಿಲ್ಲ.

ಬದುವಿನ ಮೇಲೆ ಆಕೆಯನ್ನು ನಿಲ್ಲಿಸಿ ಮೊಬೈಲ್ ಎತ್ತಿದೆ. ಆಕೆ ನನ್ನ ಕಡೆ ನೋಡಲೇ ಇಲ್ಲ.

"ಅಕ್ಕ, ಅಲ್ಲಿ ಒಂದು ಬೆರಕಿ ಐತಿ."

"ಎಲ್ಲಿ?"

"ಆ ಆರನೇ ಸಾಲು ನೋಡು. ಉಳದ ಗಿಡ ಟೊಂಗಿ ಅಡ್ಡ ಬಿಟ್ಟಾವು, ಅದು ಮ್ಯಾಲಕ್ಕ ಚಾಚೇತಿ."

ನನಗೆ ಕಂಡದ್ದು ಒಂದೇ ಹಸಿರು. ಆಕೆಯ ಹಿಂದೆ ಸೀರೆ ಎತ್ತಿ ಕಟ್ಟಿ ಸಾಲಿನೊಳಗೆ ನಡೆದೆ. ಗಿಡದ ಎಲೆ ಮಗುಚಿ, ಹಿಂಬದಿಯನ್ನು ನನ್ನ ಹೆಬ್ಬೆರಳಿಂದ ಸವರಿಸಿದಳು. ನುಣುಪಾಗಿತ್ತು. ಪಕ್ಕದ ಗಿಡದ ಎಲೆ ಸವರಿಸಿದಳು. ಸಣ್ಣ ತರಿತರಿ ರೋಮ. ಆಮೇಲೆ ಹೂವು ಬಿಡಿಸಿ, ಪಕ್ಕದ ಗಿಡದ ಹೂವಿನ ಎಸಳಿನ ಬುಡದಲ್ಲಿ ಕೆಂಪು ಚುಕ್ಕೆ ಇರುವುದನ್ನೂ ಇದಕ್ಕೆ ಇಲ್ಲದಿರುವುದನ್ನೂ ತೋರಿಸಿದಳು. ಹೊಲದವರನ್ನು ಕರೆದು ಗಿಡ ಕೀಳಿಸಿದಳು. ಅವರು ಯಾಕೆ ಎಂದು ಕೂಡ ಕೇಳಲಿಲ್ಲ. ನಾನು ಬೆರಗಾಗಿ ನಿಂತಿದ್ದೆ. ಗೋಡೆಯಾಚೆ ಇಷ್ಟು ವರ್ಷ ಬದುಕಿದ್ದೇನೆ, ಆಕೆಯ ಸಾರಿಗೆ ಉಪ್ಪು ಹೆಚ್ಚಾದದ್ದೆಲ್ಲ ನನಗೆ ಗೊತ್ತು, ಆಕೆಯ ಕಣ್ಣು ಎಂಥದು ಎಂದು ಗೊತ್ತಿರಲಿಲ್ಲ. ನನಗೆ ನಾಚಿಕೆಯಾಯಿತು.

ಆಕೆ ಮತ್ತೊಂದು ಗಿಡದ ಎಲೆ ಮಗುಚಿ ನೋಡುತ್ತಿದ್ದಾಗ ಒಂದು ಫೋಟೋ ತೆಗೆದೆ. ಮುಖದ ಮೇಲೆ ಬೆಳಗಿನ ಬಿಸಿಲು, ಮುಂಗೈಗೆ ಸುತ್ತಿದ ದಾರ. ಶಾಲು ಇಲ್ಲ, ಬುಟ್ಟಿ ಇಲ್ಲ, ಒಬ್ಬಳೇ.

ಮನೆಗೆ ಬಂದು, "ಈಗ ನೀ ಹೇಳು, ನಾ ಬರೀತೀನಿ," ಅಂದೆ. ಆಗ ಹೊಸ ಫಜೀತಿ ಶುರುವಾಯಿತು. ಆಕೆಯ ಬಾಯಲ್ಲಿ 'ನಾನು' ಎಂಬ ಮಾತೇ ಬಾರದು. ನಮ್ಮಲ್ಲಿ ಹಾಗೇ. ಈ ಬಾವಿ ತೋಡಿಸಿದವರು ಯಾರು ಎಂದು ತೋಡಿಸಿದವರನ್ನೇ ಕೇಳಿದರೂ, ಎಲ್ಲಾ ಹಿರೇರು ಮಾಡ್ಯಾರ್ರಿ ಅನ್ನುತ್ತಾರೆ. ತನ್ನ ಬೆನ್ನು ತಾನೇ ತಟ್ಟಿಕೊಂಡವನಿಗೆ ಊರಲ್ಲಿ ಮರ್ಯಾದೆ ಇಲ್ಲ.

"ಮೂವತ್ತು ಹೆಣ್ಮಕ್ಳು ಮೊಗ್ಗು ಬಿಡಿಸ್ಯಾರ. ನಾನ್ ಮಾಡೀನಿ ಅಂತ ಹ್ಯಾಂಗ್ ಬರಸ್ಲಿ?"

"ಮೊಗ್ಗು ಬಿಡಿಸಿದವರು ಅವರು. ಅವರಿಗೆ ಬಿಡಿಸೋದು ಕಲಿಸಿದಾಕಿ ಯಾರು?"

ಸೆರಗಿಗೆ ಅಂಟಿದ್ದ ಹತ್ತಿ ಎಲೆಯ ಚೂರು ಕಿತ್ತು ಹಾಕಿದಳು.

"ಯಾರು ಅಂದೆ?" ನನ್ನ ತರಗತಿಯ ದನಿ ತಾನಾಗಿ ಬಂದಿತ್ತು.

"ನಾನಾ."

"ಬಿಡಿಸಿದ ಮ್ಯಾಲೆ ಸಾಲು ಸಾಲು ನೋಡಿದಾಕಿ ಯಾರು?"

"ನಾನಾ."

ಅಷ್ಟನ್ನೇ ಬರೆದೆವು. ಹೆಸರಿನ ಕೆಳಗೆ, 'ಹತ್ತಿ ಬೀಜದ ಹೊಲದಲ್ಲಿ ಬೆರಕೆ ಗುರುತಿಸುವವಳು, ಹದಿನಾಲ್ಕು ವರ್ಷ'. ಪರಿಚಯದಲ್ಲಿ, ಯಾವ ಊರುಗಳ ಹೊಲ, ಏನು ನೋಡುತ್ತಿದ್ದಳು, ಯಾರಿಗೆ ಏನು ಕಲಿಸಿದಳು. ಆಕೆ ಹೇಳಿದ ವಾಕ್ಯಗಳನ್ನು ನಾನು ತಿದ್ದಲು ಹೋಗಲಿಲ್ಲ. ಎರಡು ಕಡೆ ಕೈ ತುರಿಸಿತು, ತಡೆದುಕೊಂಡೆ.

ಎಲ್ಲ ಮುಗಿಯಿತು ಅನ್ನುವಾಗ ಆಕೆ, "ಅಕ್ಕ, ಹಂಪಸಾಗರದ್ದೂ ಬರಿ," ಅಂದಳು.

ಹಂಪಸಾಗರದ ಸಂಗತಿ ನಮ್ಮ ಎರಡೂ ಮನೆಗೆ ಗೊತ್ತು. ಮೂರು ವರ್ಷದ ಹಿಂದೆ ಅಲ್ಲಿ ಒಬ್ಬ ರೈತನ ಗಂಡು ಸಾಲಿನಲ್ಲಿದ್ದ ಬೆರಕೆ ಗಿಡಗಳು ಇವಳ ಕಣ್ತಪ್ಪಿಸಿದ್ದವು. ಆ ಗಿಡಗಳ ಹೂವನ್ನೇ ವಾರವಿಡೀ ಮುಟ್ಟಿಸಿಬಿಟ್ಟಿದ್ದರು. ವಾರದ ಮೇಲೆ ಇವಳೇ ಕಂಡುಹಿಡಿದಳು. ಬೇರೆ ಯಾರಿಗೂ ಗೊತ್ತಿರಲಿಲ್ಲ. ಇವಳು ಮೊದಲು ರೈತನ ಮನೆಗೆ ಹೋಗಿ, ತಪ್ಪು ನನ್ನದು ಎಂದು ಹೇಳಿ, ಆಮೇಲೆ ಕಂಪನಿಗೆ ತಿಳಿಸಿದಳು. ಕಂಪನಿ ಆ ಹೊಲದ ಬೀಜ ಬೇಡ ಅಂದಿತು. ಆ ರೈತ ಅಂದಿನಿಂದ ಇವಳ ಜೊತೆ ಮಾತು ಬಿಟ್ಟ.

"ನಿನಗೇನು ತಲಿ ಕೆಟ್ಟೈತೇನು?" ಎಂದು ಕೂಗಿದೆ. "ಕೆಲಸ ಕೇಳೋ ಜಾಗದಾಗ ಯಾರರ ತಮ್ಮ ತಪ್ಪು ಬರೀತಾರೇನು?"

"ಬೆರಕಿ ಗುರುತಿಸ್ತೀನಿ ಅಂತ ಮ್ಯಾಲೆ ಬರದೀವಿ. ಒಂದ್ಸಲ ಗುರುತಿಸ್ಲಿಲ್ಲ. ಅದನ್ನ ಬಿಟ್ರ ಮ್ಯಾಲಿನ ಸಾಲು ಸುಳ್ಳಾಗತೈತಕ್ಕ. ನನ್ನ ಹೆಸರಿನಾಗ ಬೆರಕಿ ಬ್ಯಾಡ."

ಬಹಳ ಹೊತ್ತು ಜಗಳವಾಡಿದೆ. ಎಲ್ಲಾ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ. ಕೊನೆಗೆ ಮೂರು ಸಾಲು ಬರೆದೆ: ಏನಾಯಿತು, ಯಾರಿಗೆ ಹೇಳಿದಳು, ಅಂದಿನಿಂದ ಗಂಡು ಸಾಲನ್ನು ವಾರಕ್ಕೆ ಎರಡು ಸಲ ನೋಡುವುದು ರೂಢಿಯಾಯಿತು. ಆ ಅಧಿಕಾರಿಗೆ ಸಂಪರ್ಕದ ಕೋರಿಕೆ ಕಳಿಸುವಾಗ ಬರೀ ಗುಂಡಿ ಒತ್ತದೆ, 'ಗುರುವಾರ ಫೋನಿನಲ್ಲಿ ಕೇಳಿದ್ದಿರಿ, ನನ್ನ ಕೆಲಸ ಏನು ಎಂದು ಈಗ ಬರೆದಿದ್ದೇನೆ' ಎಂದು ಎರಡು ಮಾತು ಆಕೆಯೇ ಬೆರಳಿನಿಂದ ಕುಟ್ಟಿ ಸೇರಿಸಿದಳು.

ಸೋಮವಾರ ಏನೂ ಬರಲಿಲ್ಲ. ಮಂಗಳವಾರವೂ ಇಲ್ಲ. ಆ ಮೂರು ಸಾಲೇ ಕೆಡಿಸಿತು ಎಂದು ನಾನು ಒಳಗೊಳಗೇ ಉರಿಯುತ್ತಿದ್ದೆ. ಮೇಸ್ತ್ರಿ ಮತ್ತೆ ಬಂದಳು. ಗುರುವಾರದಿಂದ ಬರ್ತೀನಿ ಎಂದು ನೆಗೆಣ್ಣಿ ಒಪ್ಪಿಕೊಂಡಳು.

ಬುಧವಾರ ಮಧ್ಯಾಹ್ನ ಅವಳು ಫೋನನ್ನು ಕೈಯಲ್ಲಿ ಹಿಡಿದುಕೊಂಡೇ ನಮ್ಮ ಮನೆಗೆ ಬಂದಳು. ಮುಖ ನೋಡಿದರೆ ಏನೂ ತಿಳಿಯುವಂತಿರಲಿಲ್ಲ.

"ಹರಪನಹಳ್ಳಿಯವರು ಬಾ ಅಂದ್ರಕ್ಕ. ನಾಳೆನಾ ಸೇರಾಕ."

ನಾನು ಮಾತಾಡುವ ಮುಂಚೆಯೇ ಮುಂದುವರಿಸಿದಳು. "ನಿನ್ನಿ ಹಂಪಸಾಗರಕ್ಕ ಹೋಗಿದ್ರಂತ. ಆ ರೈತನ್ನ ಹುಡುಕಿ ಕೇಳ್ಯಾರ, ಆಕಿ ಹ್ಯಾಂಗ ಅಂತ."

"ಅಯ್ಯೋ! ಏನಂದ ಆತ?"

"'ಆಕಿ ಮಾರಿ ನೋಡಾಕ ನನಗಿನ್ನೂ ಮನಸಿಲ್ರಿ' ಅಂದಾನಂತ." ಕೈಯಲ್ಲಿದ್ದ ಫೋನನ್ನು ಮೇಜಿನ ಮೇಲಿಟ್ಟಳು. "'ಆದ್ರ ನಿಮ್ಮ ಕಂಪನಿಗೆ ನಾ ಬೀಜ ಬೆಳೀಬೇಕಂದ್ರ, ನನ್ನ ಹೊಲ ನೋಡಾಕ ಆಕೀನ ಕಳಸ್ರಿ' ಅಂದಾನಂತ."

ನಾನು ಸಹಿ ಹಾಕಿಕೊಟ್ಟ ನಡತೆ ಪ್ರಮಾಣಪತ್ರಗಳು ಎಷ್ಟೋ. ಎಲ್ಲದರಲ್ಲೂ 'ನಡತೆ ಉತ್ತಮ' ಎಂಬ ಅದೇ ಒಂದು ಸಾಲು. ಈ ಮಾತಿನ ತೂಕ ಅದರಲ್ಲಿ ಒಂದಕ್ಕೂ ಇರಲಿಲ್ಲ. ನನ್ನ ಮೇಲೆ ಸಿಟ್ಟಾದವರಿಗೂ ಈ ಊರಲ್ಲಿ ಬರವಿಲ್ಲ. ಅವರಲ್ಲಿ ಒಬ್ಬರಾದರೂ ನನ್ನ ಬಗ್ಗೆ ಹೀಗೆ ಹೇಳಿಯಾರೇ ಎಂದು ಒಬ್ಬೊಬ್ಬರನ್ನೇ ನೆನೆಸಿಕೊಳ್ಳುತ್ತಾ ಹೋದೆ. ಒಬ್ಬರೂ ಸಿಗಲಿಲ್ಲ. ಎದ್ದು ಹೋಗಿ ನೆಗೆಣ್ಣಿಯ ಎರಡೂ ಕೈ ಹಿಡಿದುಕೊಂಡೆ.